ಮನೆಗೊಂದು ಡಿಜಿಟಲ್ ಕ್ಯಾಮರಾ: ಎಂಥದನ್ನು ಕೊಳ್ಳೋಣ?

ಊರು ಬಿಟ್ಟು ಬಂದ ನಮಗೆ ಭಾವಚಿತ್ರವು ಬರಿಯ ವಿನೋದದ ವಸ್ತುವಲ್ಲ. ಮುಂಬಯಿಯಲ್ಲೋ ದೆಹಲಿಯಲ್ಲೋ ಬೆಳೆಯುವ ಮೊಮ್ಮಗು ಊರಿನ ಅಜ್ಜಿಯನ್ನು ಕಾಣುವುದು ವರ್ಷಕ್ಕೆ ಒಂದೆರಡು ಸಲ. ಮಿಕ್ಕ ದಿನಗಳಲ್ಲಿ ಅಜ್ಜಿಯ ಮುಖ ಅದಕ್ಕೆ ಚಿತ್ರದಿಂದಲೇ ಪರಿಚಯವಾಗಬೇಕು. ಆದ್ದರಿಂದ ಕ್ಯಾಮರಾ ಕೊಳ್ಳುವ ಮೊದಲು ಅಂಗಡಿಯವನನ್ನಲ್ಲ, ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳೋಣ: ನಾವು ತೆಗೆಯುವುದು ಯಾವ ಚಿತ್ರ, ಯಾವ ಬೆಳಕಿನಲ್ಲಿ?

೧೯೭೫ರಲ್ಲಿ ಅಮೆರಿಕದ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ನಿರ್ಮಿಸಿದ ಡಿಜಿಟಲ್ ಕ್ಯಾಮರಾದ ಚಿತ್ರದಲ್ಲಿದ್ದವು ಕೇವಲ ೧೦,೦೦೦ ಬಿಂದುಗಳು. ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು ೨೩ ಸೆಕೆಂಡು ಹಿಡಿಯುತ್ತಿತ್ತು. ಇಂದು ಬಿಂದುಗಳಿಗೆ ಬರವಿಲ್ಲ. ಅಂಗುಲಕ್ಕೆ ೩೦೦ ಬಿಂದುಗಳಂತೆ ೬ x ೪ ಅಂಗುಲದ ಪ್ರತಿಗೆ ೨೧.೬ ಲಕ್ಷ ಬಿಂದು, ಅಂದರೆ ಸುಮಾರು ೨ ಮೆಗಾಪಿಕ್ಸೆಲ್ ಸಾಕು. ಗೋಡೆಗೆ ತೂಗುಹಾಕುವ ೧೮ x ೧೨ ಅಂಗುಲದ ಚಿತ್ರಕ್ಕೂ ೨೦ ಮೆಗಾಪಿಕ್ಸೆಲ್ ಮೀರಿ ಬೇಕಿಲ್ಲ. ಅದಕ್ಕೂ ಹೆಚ್ಚಿನ ಸಂಖ್ಯೆಗೆ ನಾವು ಹಣ ತೆರುವುದೇಕೆ?

ನೋಡಬೇಕಾದುದು ಬೆಳಕನ್ನು ಹಿಡಿಯುವ ಸೆನ್ಸರ್ ಫಲಕದ ಅಳತೆ. ಬಹುಪಾಲು ಫೋನುಗಳಲ್ಲಿ ಅದರ ಅಗಲ ೧೦ ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಮಧ್ಯಮ ತರಗತಿಯ 'ಎಪಿಎಸ್-ಸಿ' ಕ್ಯಾಮರಾದಲ್ಲಿ ಸುಮಾರು ೨೩.೫ x ೧೫.೬ ಮಿ.ಮೀ.; 'ಫುಲ್ ಫ್ರೇಮ್' ಎಂಬುದರಲ್ಲಿ ೩೬ x ೨೪ ಮಿ.ಮೀ. ಅಂಗಳ ದೊಡ್ಡದಾದಷ್ಟೂ ಮಳೆನೀರು ಹೆಚ್ಚು ಸಂಗ್ರಹವಾಗುವಂತೆ, ಫಲಕ ದೊಡ್ಡದಾದಷ್ಟೂ ಮಂದ ಬೆಳಕಿನಲ್ಲಿ ಚಿತ್ರ ನಿಚ್ಚಳ.

ಎರಡನೆಯದು ಲೆನ್ಸು. ಕ್ಯಾಮರಾದೊಡನೆ ಬರುವ ಜೂಮ್ ಲೆನ್ಸು ದೂರದ ತುದಿಯಲ್ಲಿ ಹೆಚ್ಚಾಗಿ 'ಎಫ್ ೫.೬' ಆಗಿರುತ್ತದೆ. 'ಎಫ್ ೧.೮' ಲೆನ್ಸು ಅದರ ಸುಮಾರು ಒಂಬತ್ತು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ನಡುಮನೆಯ ದೀಪದ ಬೆಳಕಿನಲ್ಲಿ ಕುಳಿತ ಅಜ್ಜಿಗೆ, ಒಂದೆಡೆ ನಿಲ್ಲದ ಮಗುವಿಗೆ ಇದೇ ತಕ್ಕದ್ದು. 'ಡಿಜಿಟಲ್ ಜೂಮ್' ಎಂಬ ಮಾತಿಗೆ ಮಾತ್ರ ಮರುಳಾಗಬಾರದು. ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದಷ್ಟೆ.

ಹೀಗಾಗಿ, ಹಗಲಿನ ಪ್ರವಾಸದ ಚಿತ್ರಗಳನ್ನು ಬಂಧುಗಳಿಗೆ ಕಳುಹಿಸುವುದಷ್ಟೇ ನಮ್ಮ ಉದ್ದೇಶವಾದರೆ ಕೈಯಲ್ಲಿರುವ ಫೋನೇ ಸಾಕು, ಹಣ ಉಳಿಯಲಿ. ರಂಗನತಿಟ್ಟಿನ ಹಕ್ಕಿಗಳನ್ನು ಹಿಡಿಯುವ ಹಂಬಲವಿದ್ದರೆ ಉದ್ದನೆಯ ಆಪ್ಟಿಕಲ್ ಜೂಮ್ ಇರುವುದು ಬೇಕು. ಸಂಘದ ರಾಜ್ಯೋತ್ಸವದ ರಂಗದ ಮೇಲೆ ಮಗಳು ಕುಣಿಯುವುದನ್ನು ತೆಗೆಯಬೇಕೆ? ಲೆನ್ಸು ಬದಲಿಸಬಹುದಾದ ಎಪಿಎಸ್-ಸಿ ಕ್ಯಾಮರಾ ಒಳ್ಳೆಯದು. ಹಾಸಿಗೆಯಿದ್ದಷ್ಟು ಕಾಲು ಚಾಚುವವರು ಹಳೆಯದನ್ನೇ ಕೊಳ್ಳಬಹುದು. ಆದರೆ ಷಟರ್ ಎಷ್ಟು ಬಾರಿ ತೆರೆದಿದೆಯೆಂದು ವಿಚಾರಿಸಿ, ಲೆನ್ಸನ್ನು ಬೆಳಕಿಗೆ ಹಿಡಿದು ಬೂಷ್ಟಿದೆಯೇ ಎಂದು ಪರೀಕ್ಷಿಸಬೇಕು. ಬ್ಯಾಟರಿ, ಕಾರ್ಡು, ಚೀಲಗಳ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯದಾಗಿ ಒಂದು ಮಾತು. ಕಾರ್ಡು ಕೆಟ್ಟರೆ ಹತ್ತು ವರ್ಷದ ನೆನಪು ಒಂದೇ ಗಳಿಗೆಯಲ್ಲಿ ಹೋದೀತು. ಚಿತ್ರಗಳನ್ನು ಎರಡು ಕಡೆ ಪ್ರತಿಮಾಡಿಡೋಣ. ವರ್ಷಕ್ಕೆ ಹತ್ತನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿನಲ್ಲಿ ಹೆಸರು, ಊರು, ತಾರೀಖುಗಳನ್ನು ಕನ್ನಡದಲ್ಲಿ ಬರೆದಿಡೋಣ. ಅದನ್ನು ಓದುವ ನೆಪದಲ್ಲಾದರೂ ಮಕ್ಕಳು ನಾಲ್ಕು ಅಕ್ಷರ ಕಲಿತಾರು.