ಐವತ್ತೆಂಟರಲ್ಲಿ ದೊರೆತ ಪಾತ್ರ

‘ಸೋಪ್ ಒಪೆರಾ’ ಎಂದರೆ ಮೂಗು ಮುರಿಯುವವರೇ ಹೆಚ್ಚು. ಅಮೆರಿಕದ ರೇಡಿಯೋದಲ್ಲಿ ಗೃಹಿಣಿಯರಿಗೆಂದು ಬರುತ್ತಿದ್ದ ಕಥಾಮಾಲೆಗಳನ್ನು ಸಾಬೂನು ಕಂಪನಿಗಳು ಪ್ರಾಯೋಜಿಸುತ್ತಿದ್ದುದರಿಂದ ಬಂದ ಹೆಸರದು. ಅಗ್ಗದ ಸರಕೆಂಬ ಧ್ವನಿ ಹೆಸರಿನಲ್ಲೇ ಇದೆ. ಆದರೆ ಇಂಗ್ಲೆಂಡಿನ ನಟಿ ಜೂನ್ ಬ್ರೌನ್ ಅವರಿಗೆ ರಂಗಭೂಮಿ ಕೊಡದ ಮನ್ನಣೆಯನ್ನು ಕೊಟ್ಟಿದ್ದು ಇಂಥದೇ ಒಂದು ಧಾರಾವಾಹಿ. ಅದೂ ಉಳಿದವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ.

ಹುಟ್ಟಿದ್ದು 1927ರಲ್ಲಿ, ಸಫೋಕ್‌ನ ನೀಡಮ್ ಮಾರ್ಕೆಟ್‌ನಲ್ಲಿ. ಆಟದ ಜೊತೆಗಾತಿಯಾಗಿದ್ದ ಅಕ್ಕ ಬಾಲ್ಯದಲ್ಲೇ ತೀರಿಕೊಂಡಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾದಳದ ಮಹಿಳಾ ವಿಭಾಗದಲ್ಲಿ ದುಡಿದು, ಅನಂತರ ಲಂಡನ್ನಿನ ಓಲ್ಡ್ ವಿಕ್ ನಾಟಕಶಾಲೆಯಲ್ಲಿ ಕಲಿತರು. 1950ರಲ್ಲಿ ಕೈಹಿಡಿದ ನಟ ಜಾನ್ ಗಾರ್ಲಿ ಖಿನ್ನತೆಗೆ ತುತ್ತಾಗಿ 1957ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮರುವರ್ಷ ನಟ ರಾಬರ್ಟ್ ಆರ್ನಲ್ಡ್ ಅವರೊಡನೆ ಮದುವೆ. ಆರು ಮಕ್ಕಳಲ್ಲಿ ಒಂದು ಕೂಸು ಉಳಿಯಲಿಲ್ಲ. ಮನೆ, ಮಕ್ಕಳ ನಡುವೆಯೇ ನಾಟಕ, ಟಿ.ವಿ.ಯ ಸಣ್ಣಪುಟ್ಟ ಪಾತ್ರಗಳು.

ಬಿಬಿಸಿ 1985ರಲ್ಲಿ ‘ಈಸ್ಟ್ ಎಂಡರ್ಸ್’ ಆರಂಭಿಸಿತು. ಪೂರ್ವ ಲಂಡನ್ನಿನ ಕಾಲ್ಪನಿಕ ಬಡಾವಣೆಯೊಂದರ ಕಥೆ. ಅದರಲ್ಲಿ ನಟಿಸುತ್ತಿದ್ದ ಲೆಸ್ಲಿ ಗ್ರಾಂಥಮ್ ಅವರ ಶಿಫಾರಸಿನಿಂದ ಅದೇ ವರ್ಷ ಜೂನ್ ಅವರಿಗೆ ಡಾಟ್ ಕಾಟನ್ ಪಾತ್ರ ಸಿಕ್ಕಿತು. ಆಗ ಅವರಿಗೆ 58.

ಡಾಟ್ ದುಡ್ಡು ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿಯ ಕೆಲಸದಾಕೆ. ಬಾಯಲ್ಲಿ ಬೈಬಲ್ಲಿನ ಮಾತು, ಬೆರಳ ಸಂದಿಯಲ್ಲಿ ಸಿಗರೇಟು, ಮೈಯಲ್ಲಿ ಇಲ್ಲದ ಕಾಯಿಲೆಗಳ ಪಟ್ಟಿ, ಜೊತೆಗೆ ಊರ ಉಸಾಬರಿ! ಮಗ ನಿಕ್ ಹೆತ್ತವಳಿಗೇ ವಿಷ ಹಾಕಲು ನೋಡಿದ ಪಾಪಿ, ಆದರೂ ಮಮತೆ ಬಿಡದು. 2000ದಲ್ಲಿ ಕ್ಯಾನ್ಸರ್‌ನಿಂದ ನರಳುವ ಗೆಳತಿ ಎಥೆಲ್ ಸಾಯಲು ನೆರವು ಕೇಳಿದಾಗ ಡಾಟ್ ತನ್ನ ಧರ್ಮಕ್ಕೂ ಸ್ನೇಹಕ್ಕೂ ನಡುವೆ ಸಿಕ್ಕಿ ಒದ್ದಾಡುತ್ತಾಳೆ, ಕೊನೆಗೆ ನೆರವಾಗುತ್ತಾಳೆ. ನಮ್ಮ ಧಾರಾವಾಹಿಗಳ ಅಜ್ಜಿಯರಿಗೆ ದೇವರ ಮನೆ ಮತ್ತು ಕಣ್ಣೀರು ಬಿಟ್ಟರೆ ಬೇರೇನು ಕೊಟ್ಟಿದ್ದಾರೆ, ಹೇಳಿ?

2008ರ ಜನವರಿ 31ರ ಕಂತಿನಲ್ಲಿ ಡಾಟ್ ಒಬ್ಬಳೇ. ಬ್ರಿಟಿಷ್ ಸೋಪ್‌ಗಳಲ್ಲಿ ಏಕವ್ಯಕ್ತಿ ಕಂತು ಅದೇ ಮೊದಲು. ಪಾರ್ಶ್ವವಾಯು ಬಡಿದು ಆಸ್ಪತ್ರೆಯಲ್ಲಿರುವ ಗಂಡ ಜಿಮ್‌ಗಾಗಿ ಆಕೆ ಟೇಪ್‌ರೆಕಾರ್ಡರ್ ಮುಂದೆ ಕುಳಿತು ಮನಸ್ಸು ತೋಡಿಕೊಳ್ಳುತ್ತಾಳೆ. ಯುದ್ಧಕಾಲದ ಬಾಲ್ಯ, ಕಳೆದ ದಿನಗಳು, ಮುಂದಿನ ಭಯ, ಎಲ್ಲವೂ ಅರ್ಧ ಗಂಟೆಯಲ್ಲಿ. ಜಿಮ್ ಪಾತ್ರಧಾರಿ ಜಾನ್ ಬಾರ್ಡನ್‌ಗೆ 2007ರಲ್ಲಿ ನಿಜವಾಗಿಯೇ ಪಾರ್ಶ್ವವಾಯು ತಗಲಿತ್ತು. ಜೂನ್ ಅವರ ಪತಿ ಮರೆವಿನ ರೋಗದಿಂದ ಬಳಲಿ 2003ರಲ್ಲಿ ತೀರಿಕೊಂಡಿದ್ದರು. ಕಾಯಿಲೆಯ ಗಂಡನ ಮಾತನ್ನು ಆಡಲು ಈ ನಟಿಗೆ ಬೇರೆ ತಾಲೀಮು ಬೇಕಿತ್ತೆಂದು ನನಗನ್ನಿಸುವುದಿಲ್ಲ. 2009ರಲ್ಲಿ ಬಾಫ್ಟಾ ಶ್ರೇಷ್ಠ ನಟಿ ಪ್ರಶಸ್ತಿಗೆ ಅವರ ಹೆಸರು ನಾಮಕರಣವಾಯಿತು. ಪ್ರಶಸ್ತಿ ಬರಲಿಲ್ಲ.

ನಡುವೆ 1993ರಿಂದ 1997ರವರೆಗೆ ಬಿಟ್ಟಿದ್ದನ್ನುಳಿದರೆ 2020ರವರೆಗೂ ಡಾಟ್ ಆಗಿಯೇ ಇದ್ದರು. ಕೊನೆಗಾಲದಲ್ಲಿ ದೃಷ್ಟಿ ಬಹಳ ಮಂದವಾಗಿತ್ತು. 2022ರ ಏಪ್ರಿಲ್ 3ರಂದು, 95ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ಡಿಸೆಂಬರಿನಲ್ಲಿ ಧಾರಾವಾಹಿಯಲ್ಲಿ ಡಾಟ್‌ಳ ಅಂತ್ಯಕ್ರಿಯೆ ನಡೆದಾಗ, ಎಂದೋ ಬಿಟ್ಟುಹೋಗಿದ್ದ ಹಳೆಯ ನಟರು ಕೆಲವರು ಅದಕ್ಕೆಂದೇ ಮರಳಿ ಬಂದಿದ್ದರು.