ಗಾಡಿ ಎಲೆಕ್ಟ್ರಿಕ್, ಪ್ಲಗ್ ಎಲ್ಲಿ?

ನಮ್ಮ ಮಾಮು ಇಪ್ಪತ್ತು ವರ್ಷದಿಂದ ಆಟೋ ಓಡಿಸುತ್ತಿದ್ದಾರೆ. ಜಯನಗರ, ಬಿಟಿಎಂ, ಜೆ.ಪಿ. ನಗರದ ಗಲ್ಲಿಗಲ್ಲಿಯೂ ಅವರಿಗೆ ಗೊತ್ತು. ಕಳೆದ ರಂಜಾನಿನಲ್ಲಿ ಇಫ್ತಾರ್‌ಗೆ ಮನೆಗೆ ಬಂದಾಗ ನನ್ನನ್ನು ಕೇಳಿದರು: "ಬೇಟಾ, ನೀನು ಕಾಮರ್ಸ್ ಅಲ್ವಾ? ಗ್ಯಾಸ್ ಆಟೋ ಕೊಟ್ಟು ಎಲೆಕ್ಟ್ರಿಕ್ ಆಟೋ ತಗೊಂಡ್ರೆ ಲಾಭನಾ ನಷ್ಟನಾ, ಲೆಕ್ಕ ಹಾಕಿ ಹೇಳು."

ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಒಂದು ತಿಂಗಳು ಹಿಡಿಯಿತು. ಗಾಡಿಯ ಲೆಕ್ಕ ಬೇಗ ಮುಗಿಯಿತು, ಪ್ಲಗ್ಗಿನ ಲೆಕ್ಕ ಮುಗಿಯಲಿಲ್ಲ. ಆಗ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಹಲವರ ಮನೆಯಲ್ಲಿ ಇದೇ ಪ್ರಶ್ನೆ ಇರಬಹುದು.

ಗಾಡಿಯ ಒಳಗೆ ಏನಿದೆ?

ಎಲೆಕ್ಟ್ರಿಕ್ ಗಾಡಿಯಲ್ಲಿ ಮುಖ್ಯವಾದ ಭಾಗಗಳು ಮೂರು: ಬ್ಯಾಟರಿ, ಮೋಟಾರು ಮತ್ತು ಇವೆರಡರ ನಡುವೆ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರ್. ಪಿಸ್ಟನ್, ಕಾರ್ಬುರೇಟರ್, ಸೈಲೆನ್ಸರ್, ಇಂಜಿನ್ ಆಯಿಲ್ ಯಾವುದೂ ಇಲ್ಲ. ಆದ್ದರಿಂದ ಸರ್ವೀಸ್ ಖರ್ಚು ಕಡಿಮೆ.

ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇದಕ್ಕೆ ಇನ್ನೊಂದು ಅನುಕೂಲವಿದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗಲೂ ಇಂಜಿನ್ ಆಫ್ ಮಾಡದ ಗಾಡಿ ಇಂಧನ ಸುಡುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಗಾಡಿ ನಿಂತರೆ ಮೋಟಾರು ಕರೆಂಟು ಎಳೆಯುವುದಿಲ್ಲ. ಜೊತೆಗೆ, ವೇಗ ಕಡಿಮೆ ಮಾಡುವಾಗ ಮೋಟಾರೇ ಡೈನಮೋದಂತೆ ತಿರುಗಿ ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಇದಕ್ಕೆ ರೀಜನರೇಟಿವ್ ಬ್ರೇಕಿಂಗ್ ಎನ್ನುತ್ತಾರೆ.

ಗೋಡೆಯ ಸಾಕೆಟ್‌ನಲ್ಲಿ ಬರುವುದು ಎ.ಸಿ. ಕರೆಂಟು, ಬ್ಯಾಟರಿಗೆ ಬೇಕಾಗಿರುವುದು ಡಿ.ಸಿ. ಈ ಬದಲಾವಣೆ ಮಾಡುವುದೇ ಚಾರ್ಜರ್. ಮನೆಯಲ್ಲಿ ಬಳಸುವ ಚಾರ್ಜರ್ ಚಿಕ್ಕದು, ಅದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ರಸ್ತೆ ಬದಿಯ ಫಾಸ್ಟ್ ಚಾರ್ಜಿಂಗ್ ಯಂತ್ರದಲ್ಲಿ ದೊಡ್ಡ ಪರಿವರ್ತಕವಿರುತ್ತದೆ. ಅದು ನೇರವಾಗಿ ಡಿ.ಸಿ. ಕೊಡುವುದರಿಂದ ಬೇಗ ಆಗುತ್ತದೆ. ಆದರೆ ದರ ಹೆಚ್ಚು.

ಬೆಂಗಳೂರಿಗೆ ಇದು ಹೊಸದಲ್ಲ

ಎಲೆಕ್ಟ್ರಿಕ್ ಗಾಡಿ ನಿನ್ನೆ ಮೊನ್ನೆ ಬಂದದ್ದು ಎಂದು ನಾನು ತಿಳಿದಿದ್ದೆ. ಆದರೆ ನಾವು ಹುಟ್ಟುವ ಮೊದಲೇ, 2001ರಲ್ಲಿ, ಚೇತನ್ ಮೈನಿಯವರ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ಬೆಂಗಳೂರಿನ ರಸ್ತೆಗಿಳಿಯಿತು. ಕಾರ್ಖಾನೆ ಇದ್ದದ್ದು ಬೊಮ್ಮಸಂದ್ರದಲ್ಲಿ. ಸೀಸದ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಮನೆಯ 15 ಆಂಪ್ ಸಾಕೆಟ್‌ನಲ್ಲೇ ಚಾರ್ಜ್ ಆಗುತ್ತಿತ್ತು. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. 2010ರಲ್ಲಿ ಕಂಪನಿಯ ಹೆಚ್ಚಿನ ಷೇರನ್ನು ಮಹೀಂದ್ರ ಕೊಂಡುಕೊಂಡಿತು.

2017ರಲ್ಲಿ ಕರ್ನಾಟಕ ಎಲೆಕ್ಟ್ರಿಕ್ ವಾಹನ ನೀತಿ ತಂದಿತು. ದೇಶದಲ್ಲಿ ಇಂಥ ನೀತಿ ತಂದ ಮೊದಲ ರಾಜ್ಯ ನಮ್ಮದೇ. ಚಾರ್ಜಿಂಗ್ ಕೇಂದ್ರಗಳ ಹೊಣೆ ಬೆಸ್ಕಾಂಗೆ ಸಿಕ್ಕಿತು. 2018ರಲ್ಲಿ ಬೆಂಗಳೂರಿನ ಏಥರ್ ಕಂಪನಿ ತನ್ನ ಸ್ಕೂಟರನ್ನು ಇಲ್ಲೇ ಮೊದಲು ಮಾರಾಟಕ್ಕಿಟ್ಟಿತು. 2024ರ ಹೊತ್ತಿಗೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಮೊದಲು. ಐದು ಸಾವಿರಕ್ಕಿಂತ ಹೆಚ್ಚು ಕೇಂದ್ರಗಳು, ಅದರಲ್ಲಿ ಬಹುಪಾಲು ಬೆಂಗಳೂರಿನಲ್ಲೇ.

ಹಾಗಾದರೆ ಮಾಮುಗೆ ಕಷ್ಟವೇನು? ಲೆಕ್ಕ ನೋಡಿ.

ಮಾಮುವಿನ ಲೆಕ್ಕ

ದಿನಕ್ಕೆ 100 ಕಿ.ಮೀ., ತಿಂಗಳಿಗೆ 25 ದಿನ ಎಂದು ಇಟ್ಟುಕೊಂಡೆ. ದರಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಲೆಕ್ಕಕ್ಕೆ ಸುಲಭವಾಗುವಂತೆ ಗ್ಯಾಸ್ ಲೀಟರಿಗೆ 60 ರೂ., ಮನೆಯ ಕರೆಂಟು ಯೂನಿಟ್ಟಿಗೆ 6 ರೂ., ಹೊರಗಿನ ಚಾರ್ಜಿಂಗ್ ಯೂನಿಟ್ಟಿಗೆ 15 ರೂ. ಎಂದು ಹಿಡಿದಿದ್ದೇನೆ. ನಿಮ್ಮ ಮನೆಯ ದರ ಹಾಕಿ ನೀವೂ ಮಾಡಿ ನೋಡಬಹುದು.

ಗ್ಯಾಸ್ ಆಟೋ ಲೀಟರಿಗೆ 20 ಕಿ.ಮೀ. ಕೊಟ್ಟರೆ ದಿನಕ್ಕೆ 5 ಲೀಟರ್, 300 ರೂ. ತಿಂಗಳಿಗೆ 7,500 ರೂ.

ಎಲೆಕ್ಟ್ರಿಕ್ ಆಟೋಗೆ 100 ಕಿ.ಮೀ.ಗೆ ಸುಮಾರು 7 ಯೂನಿಟ್ ಬೇಕು. ತಿಂಗಳಿಗೆ 175 ಯೂನಿಟ್. ಇಲ್ಲಿಂದ ದಾರಿ ಮೂರಾಗುತ್ತದೆ.

ಮೊದಲನೆಯದು, ಮನೆಯ ಮೀಟರಿನಲ್ಲೇ ಚಾರ್ಜ್ ಮಾಡುವುದು. ಇಲ್ಲಿ ಗೃಹಜ್ಯೋತಿ ಅಡ್ಡ ಬರುತ್ತದೆ. ಈ ಯೋಜನೆಯಲ್ಲಿ ನಮ್ಮ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಇನ್ನು ಸ್ವಲ್ಪ ಉಚಿತ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಮಾಮು ಮನೆಯಲ್ಲಿ ಈಗ ಸುಮಾರು 100 ಯೂನಿಟ್ ಖರ್ಚಾಗುತ್ತದೆ, ಬಿಲ್ ಸೊನ್ನೆ. ಆಟೋ ಸೇರಿದರೆ 275 ಯೂನಿಟ್. ಆಗ ಫ್ಯಾನು, ಲೈಟು, ಮಿಕ್ಸಿಯ ಕರೆಂಟಿಗೂ ದುಡ್ಡು ಕೊಡಬೇಕು. ಒಟ್ಟು 1,650 ರೂ.

ಎರಡನೆಯದು, ಆಟೋಗೇ ಬೇರೆ ಮೀಟರು ಹಾಕಿಸುವುದು. ಆಗ 1,050 ರೂ. ಮತ್ತು ಆ ಮೀಟರಿನ ನಿಗದಿತ ಶುಲ್ಕ. ಮನೆಯ ಗೃಹಜ್ಯೋತಿಗೆ ತೊಂದರೆ ಇಲ್ಲ.

ಮೂರನೆಯದು, ಪೂರ್ತಿ ಹೊರಗೇ ಚಾರ್ಜ್ ಮಾಡುವುದು. 2,625 ರೂ. ಮೇಲೆ, ಚಾರ್ಜ್ ಆಗುವ ತನಕ ಬಾಡಿಗೆ ಬಿಟ್ಟು ಕಾಯಬೇಕು. ಆ ನಷ್ಟ ಈ ಲೆಕ್ಕದಲ್ಲಿಲ್ಲ.

ಮೂರರಲ್ಲಿ ಯಾವುದಾದರೂ ಗ್ಯಾಸಿಗಿಂತ ಕಡಿಮೆಯೇ. ಆದರೆ ಹೊಸ ಎಲೆಕ್ಟ್ರಿಕ್ ಆಟೋ ಮೂರು ಲಕ್ಷ ದಾಟುತ್ತದೆ. ಸ್ಥಿರ ವೆಚ್ಚ ಹೆಚ್ಚು, ಬದಲಾಗುವ ವೆಚ್ಚ ಕಡಿಮೆ ಎಂದು ನಮ್ಮ ಪಾಠದಲ್ಲಿ ಬರುವ ಉದಾಹರಣೆಯೇ ಇದು. ತಿಂಗಳಿಗೆ 5,000 ರೂ. ಉಳಿದರೂ ಮೂರು ಲಕ್ಷ ವಾಪಸ್ ಬರಲು ಐದು ವರ್ಷ ಬೇಕು. ಮಾಮು ಬಡ್ಡಿಯ ಸಾಲ ಮುಟ್ಟುವುದಿಲ್ಲ. ಚೀಟಿ ಎತ್ತಿ, ಹಳೆ ಆಟೋ ಮಾರಿ ಹಣ ಹೊಂದಿಸಬೇಕು. ಆದ್ದರಿಂದ ತಿಂಗಳಿಗೆ ಸಾವಿರ, ಒಂದೂವರೆ ಸಾವಿರದ ವ್ಯತ್ಯಾಸವೂ ಅವರಿಗೆ ಸಣ್ಣದಲ್ಲ. ಆ ವ್ಯತ್ಯಾಸ ನಿಂತಿರುವುದು ಒಂದೇ ವಿಷಯದ ಮೇಲೆ: ರಾತ್ರಿ ಆಟೋ ನಿಲ್ಲುವ ಜಾಗದಲ್ಲಿ ಪ್ಲಗ್ ಇದೆಯೇ?

ಸ್ವಂತ ಮನೆ, ಬಾಡಿಗೆ ಮನೆ

ಜಯನಗರದ ಸ್ವಂತ ಮನೆಯವರಿಗೆ ಇದು ಪ್ರಶ್ನೆಯೇ ಅಲ್ಲ. ಗೇಟಿನ ಒಳಗೆ ಕಾರು, ಪಕ್ಕದ ಗೋಡೆಯಲ್ಲಿ ಸಾಕೆಟ್. ಗುರಪ್ಪನಪಾಳ್ಯ, ತಿಲಕ್ ನಗರದ ಕಿರಿದಾದ ಗಲ್ಲಿಗಳಿಗೆ ಬನ್ನಿ. ಒಂದು ಸಣ್ಣ ಸೈಟಿನಲ್ಲಿ ಮೂರು ಮಹಡಿ, ಮಹಡಿಗೊಂದೆರಡು ಸಂಸಾರ. ಗಾಡಿಗಳು ರಸ್ತೆಯಲ್ಲೇ ಮಲಗುತ್ತವೆ. ಎರಡನೇ ಮಹಡಿಯ ಕಿಟಕಿಯಿಂದ ರಸ್ತೆಗೆ ವೈರ್ ಇಳಿಬಿಡಲು ಆಗುವುದಿಲ್ಲ, ಇಳಿಬಿಡಲೂ ಬಾರದು.

ಕಾನೂನು ಸ್ವಲ್ಪ ಸಹಾಯ ಮಾಡಿದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಗ್ರಾಹಕರು ಗಾಡಿ ಚಾರ್ಜ್ ಮಾಡಲೆಂದೇ ಬೇರೆ ಸಂಪರ್ಕ ಕೇಳಬಹುದು. ಆದರೆ ಮಾಲೀಕರು ಒಪ್ಪದಿದ್ದರೆ ಬಾಡಿಗೆದಾರ ಮೀಟರನ್ನು ಯಾವ ಗೋಡೆಗೆ ಹಾಕಿಸುತ್ತಾನೆ? ಮಾಮು ತಮ್ಮ ಮನೆ ಮಾಲೀಕರನ್ನು ಕೇಳಿದರು. "ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ, ಬೆಂಕಿ ಗಿಂಕಿ ಹತ್ತಿದರೆ ಯಾರು ನೋಡೋದು" ಎಂದರಂತೆ. ಅವರ ಭಯವನ್ನೂ ಪೂರ್ತಿ ತಪ್ಪು ಎನ್ನಲಾರೆ.

ಹೆಚ್ಚು ಕಿ.ಮೀ. ಓಡಿಸುವವರಿಗೆ ಎಲೆಕ್ಟ್ರಿಕ್‌ನಿಂದ ಹೆಚ್ಚು ಉಳಿತಾಯ. ಆಟೋ, ಡೆಲಿವರಿ ಓಡಿಸುವವರೇ ಅವರು. ಪ್ಲಗ್ ಇಲ್ಲದಿರುವುದೂ ಬಹುಮಟ್ಟಿಗೆ ಅವರಿಗೇ.

ಇದಕ್ಕೆ ಒಂದು ಪರಿಹಾರ ಬ್ಯಾಟರಿ ಬದಲಾವಣೆ. ಖಾಲಿ ಬ್ಯಾಟರಿ ಕೊಟ್ಟು ತುಂಬಿದ ಬ್ಯಾಟರಿ ಹಾಕಿಕೊಂಡು ಕೆಲವೇ ನಿಮಿಷದಲ್ಲಿ ಹೊರಡಬಹುದು. ಬ್ಯಾಟರಿ ನಮ್ಮದಲ್ಲವಾದ್ದರಿಂದ ಗಾಡಿಯ ಬೆಲೆಯೂ ಇಳಿಯುತ್ತದೆ. ರೇವಾ ಮಾಡಿದ ಮೈನಿಯವರೇ ಮುಂದೆ ಸನ್ ಮೊಬಿಲಿಟಿ ಎಂಬ ಕಂಪನಿ ಸೇರಿ ಕಟ್ಟಿ ಈ ಕೆಲಸಕ್ಕೆ ಇಳಿದರು. ಇನ್ನೊಂದು ಪರಿಹಾರ ಲಂಡನ್ನಿನಲ್ಲಿದೆ. ಅಲ್ಲಿ ಪಾರ್ಕಿಂಗ್ ಇಲ್ಲದ ಮನೆಯವರಿಗಾಗಿ ಬೀದಿ ದೀಪದ ಕಂಬಗಳಲ್ಲೇ ಚಾರ್ಜಿಂಗ್ ಪಾಯಿಂಟ್ ಕೂರಿಸಿದ್ದಾರೆ.

ಹೊಗೆ ನಿಜವಾಗಿ ಕಡಿಮೆಯಾಗುತ್ತದೆಯೇ?

"ಕರೆಂಟು ಕಲ್ಲಿದ್ದಲಿನಿಂದಲೇ ಬರೋದಲ್ವಾ, ಮತ್ತೆ ಏನು ಲಾಭ?" ಎಂದು ಕ್ಲಾಸಿನಲ್ಲಿ ಗೆಳೆಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಇದಕ್ಕೂ ಲೆಕ್ಕ ಹಾಕೋಣ. ಈ ಸಲ ಸ್ಕೂಟರ್ ತೆಗೆದುಕೊಳ್ಳೋಣ.

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್ ಕಿ.ಮೀ.ಗೆ ಸುಮಾರು 51 ಗ್ರಾಂ ಬಿಡುತ್ತದೆ. ದೇಶದ ಎಲ್ಲ ವಿದ್ಯುತ್ ಸೇರಿಸಿ ನೋಡಿದರೆ ಒಂದು ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ.ಯಷ್ಟು. ಎಲೆಕ್ಟ್ರಿಕ್ ಸ್ಕೂಟರ್‌ಗೆ 100 ಕಿ.ಮೀ.ಗೆ ಸುಮಾರು ಮೂರೂವರೆ ಯೂನಿಟ್ ಹಿಡಿದರೆ ಕಿ.ಮೀ.ಗೆ 25 ಗ್ರಾಂ. ಅಂದರೆ ಕಲ್ಲಿದ್ದಲಿನ ಕರೆಂಟು ಸೇರಿದ್ದರೂ ಅರ್ಧದಷ್ಟು.

ಆದರೆ ಬ್ಯಾಟರಿ ತಯಾರಿಸುವಾಗಲೂ ಹೊಗೆ ಬರುತ್ತದೆ. ಒಂದು ಯೂನಿಟ್ ಸಾಮರ್ಥ್ಯದ ಬ್ಯಾಟರಿಗೆ 60ರಿಂದ 100 ಕೆ.ಜಿ. ಎಂದು ಸಾಮಾನ್ಯವಾಗಿ ಅಂದಾಜಿಸುತ್ತಾರೆ. 3 ಯೂನಿಟ್ಟಿನ ಸ್ಕೂಟರ್ ಬ್ಯಾಟರಿಗೆ ಮಧ್ಯದ ಅಂಕಿ ಹಿಡಿದರೆ 240 ಕೆ.ಜಿ. ಕಿ.ಮೀ.ಗೆ 26 ಗ್ರಾಂ ಉಳಿಸುತ್ತಾ ಹೋದರೆ ಸುಮಾರು 9 ಸಾವಿರ ಕಿ.ಮೀ.ಗೆ ಈ ಸಾಲ ತೀರುತ್ತದೆ. ಇದೇ ಅದರ ಬ್ರೇಕ್ ಈವನ್ ಪಾಯಿಂಟ್. ದಿನಕ್ಕೆ 30 ಕಿ.ಮೀ. ಓಡಿಸುವವರಿಗೆ ಒಂದು ವರ್ಷ. ಆಮೇಲಿನದೆಲ್ಲ ಲಾಭ. ಕೊಂಡು ಮನೆ ಮುಂದೆ ನಿಲ್ಲಿಸಿಟ್ಟವರಿಗೆ ಲಾಭವಿಲ್ಲ.

ಕರ್ನಾಟಕದ ಕರೆಂಟೆಲ್ಲ ಕಲ್ಲಿದ್ದಲಿನದಲ್ಲ. ರಾಯಚೂರಿನಲ್ಲಿ ಕಲ್ಲಿದ್ದಲು ಸುಡುತ್ತೇವೆ ನಿಜ, ಆದರೆ ಶರಾವತಿಯ ನೀರು, ಕೈಗಾದ ಅಣುಶಕ್ತಿ, ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕೂಡ ಇವೆ. ಸೋಲಾರ್ ಕರೆಂಟು ಬರುವುದು ಹಗಲಿನಲ್ಲಿ, ನಾವು ಗಾಡಿ ಚಾರ್ಜಿಗೆ ಹಾಕುವುದು ರಾತ್ರಿ. ಹಗಲು ಚಾರ್ಜ್ ಮಾಡಿದಷ್ಟೂ ಗಾಳಿಗೆ ಒಳ್ಳೆಯದು.

ಟೈರಿನ ಪುಡಿ, ರಸ್ತೆಯ ಧೂಳು, ಟ್ರಾಫಿಕ್ ಜಾಮ್ ಎಲೆಕ್ಟ್ರಿಕ್ ಗಾಡಿಯಿಂದ ಹೋಗುವುದಿಲ್ಲ. ಅದಕ್ಕೆ ಬಸ್ಸು, ಮೆಟ್ರೋ ಬೇಕು. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುತ್ತದೆ. ರೇವಾ ಹುಟ್ಟಿದ ಊರಿಗೆ ಈಗ ಸಾವಿರಾರು ಜನ ಕರೆಂಟಿನ ರೈಲಿನಲ್ಲೇ ಹೋಗುತ್ತಿದ್ದಾರೆ.

ಎರಡು ಎಚ್ಚರಿಕೆ

ಒಂದು: 2022ರಲ್ಲಿ ದೇಶದ ಹಲವು ಕಡೆ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಮೇಲೆ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿ ಮಾಡಿತು. ಆದರೂ ಮೆಟ್ಟಿಲ ಕೆಳಗೆ, ಬಾಗಿಲ ಎದುರು ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಿದರೆ ಮೇಲಿನ ಮನೆಯವರಿಗೆ ಇಳಿಯಲು ಇರುವುದು ಅದೊಂದೇ ದಾರಿ. ತೆಳು ಎಕ್ಸ್‌ಟೆನ್ಷನ್ ವೈರ್ ಬೇಡ. ಅರ್ಥಿಂಗ್ ಇರುವ ಸಾಕೆಟ್, ಕಂಪನಿಯದೇ ಚಾರ್ಜರ್ ಬಳಸಿ.

ಎರಡು, ಇದು ನಮ್ಮ ವಯಸ್ಸಿನವರಿಗೆ: "ಲೈಸೆನ್ಸ್ ಬೇಡ" ಎಂದು ಮಾರುವ ಎಲ್ಲ ಸ್ಕೂಟರ್ ಹಾಗಲ್ಲ. ಮೋಟಾರಿನ ಶಕ್ತಿ 250 ವ್ಯಾಟ್ ಒಳಗೆ ಮತ್ತು ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ಲೈಸೆನ್ಸ್, ನಂಬರ್ ಪ್ಲೇಟ್ ಬೇಡ. ಅದಕ್ಕಿಂತ ವೇಗದ್ದನ್ನು ಲೈಸೆನ್ಸ್ ಇಲ್ಲದ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಹೆತ್ತವರಿಗೆ 25,000 ರೂ. ದಂಡ, ಜೈಲು ಶಿಕ್ಷೆಯೂ ಆಗಬಹುದು.

ನಮ್ಮಿಂದ ಏನಾಗಬಹುದು?

ಲೆಕ್ಕ ಮುಗಿಸಿ ಮಾಮುಗೆ ತೋರಿಸಿದೆ. ಎರಡು ಸಲ ನೋಡಿ, "ಲೆಕ್ಕ ಸರಿ ಇದೆ ಬೇಟಾ, ಈಗ ಜಾಗ ಹೇಳು" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಇನ್ನೂ ಗ್ಯಾಸ್ ಆಟೋವನ್ನೇ ಓಡಿಸುತ್ತಿದ್ದಾರೆ.

ಆಮೇಲೆ ಒಂದು ವಿಷಯ ಹೊಳೆಯಿತು. ನಮ್ಮ ಬಡಾವಣೆಗಳಲ್ಲಿ ಸ್ವಂತ ಜಾಗ, ಸ್ವಂತ ಮೀಟರು ಇರುವುದು ಮಸೀದಿಗಳಿಗೆ, ಶಾದಿ ಮಹಲ್‌ಗಳಿಗೆ ಮತ್ತು ಕಾಲೇಜುಗಳಿಗೆ. ಮಧ್ಯಾಹ್ನ ಜುಹರ್ ನಮಾಜಿಗೆ ಎಷ್ಟೋ ಆಟೋದವರು ಬರುತ್ತಾರೆ. ನಮಾಜು, ಊಟ, ಸ್ವಲ್ಪ ವಿಶ್ರಾಂತಿ ಸೇರಿ ಒಂದು ಗಂಟೆ. ಅಷ್ಟರಲ್ಲಿ 16 ಆಂಪ್ ಸಾಕೆಟ್‌ನಲ್ಲಿ ಸುಮಾರು 2 ಯೂನಿಟ್ ತುಂಬಿದರೂ 25ರಿಂದ 30 ಕಿ.ಮೀ. ಓಡಬಹುದು. ಅದೇ ಹೊತ್ತಿಗೆ ಪಾವಗಡದ ಕರೆಂಟೂ ಧಾರಾಳ. ಚಾರ್ಜಿಂಗ್ ಸೇವೆ ಕೊಡಲು ವಿದ್ಯುತ್ ಮಾರುವ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ.

ಆದ್ದರಿಂದ ನಮ್ಮ ಆಡಳಿತ ಮಂಡಳಿಗೆ ಒಂದು ಮನವಿ. ಕಾಲೇಜಿನ ಗಾಡಿ ನಿಲ್ಲಿಸುವ ಜಾಗದಲ್ಲಿ ನಾಲ್ಕು ಸಾಕೆಟ್, ಒಂದು ಬೇರೆ ಮೀಟರು ಹಾಕಿಸಿ. ಹಗಲು ಸಿಬ್ಬಂದಿಯ ಸ್ಕೂಟರ್‌ಗಳಿಗೆ, ಕಾಲೇಜು ಬಿಟ್ಟ ಮೇಲೆ ಅಕ್ಕಪಕ್ಕದ ಆಟೋದವರಿಗೆ, ಆದ ಖರ್ಚಿನ ದರಕ್ಕೇ. ತಿಂಗಳ ಲೆಕ್ಕ ಬರೆಯಲು ನಮ್ಮ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಸಿದ್ಧರಿದ್ದೇವೆ. ಮೊದಲ ಗ್ರಾಹಕರನ್ನು ನಾನೇ ಕರೆತರುತ್ತೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ