ಖುಲಾಸೆಯಾದ ಕೇಸಿನ ಕಾಗದ ಹುಡುಕಿಕೊಂಡು

ಹೋದ ವರ್ಷ ಮಳೆಗಾಲದ ಒಂದು ಭಾನುವಾರ ಎದುರು ಬ್ಲಾಕಿನ ಅಕ್ಕಾವರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಧಾರವಾಡದ ಕಡೆಯವರು, ಜನಕಪುರಿಗೆ ಬಂದು ಮೂವತ್ತು ವರ್ಷ ದಾಟಿದೆ. ಅವರು ಬಂದರೆಂದರೆ ಕೈಯಲ್ಲಿ ಚಟ್ನಿಪುಡಿಯದೋ ಶೇಂಗಾ ಹೋಳಿಗೆಯದೋ ಡಬ್ಬಿ ಇರಲೇಬೇಕು. ಅವತ್ತು ಡಬ್ಬಿ ಇರಲಿಲ್ಲ, ಒಂದು ಫಾರ್ಮ್ ಇತ್ತು.

ಮಗನಿಗೆ ಕೇಂದ್ರ ಸರ್ಕಾರದ ನೌಕರಿ ಸಿಕ್ಕಿತ್ತು. ಸೇರುವ ಮೊದಲು ಅಟೆಸ್ಟೇಶನ್ ಫಾರ್ಮ್ ತುಂಬಬೇಕು. ಅದರಲ್ಲಿ ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ, ಮೊಕದ್ದಮೆ ನಡೆದಿತ್ತೇ, ದಂಡ ಅಥವಾ ಶಿಕ್ಷೆ ಆಗಿತ್ತೇ ಎಂದು ಸಾಲಾಗಿ ಕೇಳುತ್ತಾರೆ. ಹುಡುಗ 2014ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಮಾರ್ಕೆಟ್ಟಿನ ಪಾರ್ಕಿಂಗ್ ಜಗಳವೊಂದರಲ್ಲಿ ಸ್ನೇಹಿತರ ಜೊತೆ ಸಿಕ್ಕಿಬಿದ್ದಿದ್ದ. ಎಫ್‌ಐಆರ್ ಆಗಿತ್ತು. ಎರಡು ವರ್ಷ ತಾರೀಖಿಗೆ ಅಲೆದಮೇಲೆ ಕೇಸು ಮುಗಿದಿತ್ತು.

“‘ಇಲ್ಲ’ ಅಂತ ಬರದ್ರ ಆತಲ್ರೀ ಅಣ್ಣಾರ? ಮುಗದು ಎಷ್ಟ್ ವರ್ಷ ಆತು. ಯಾರಿಗೆ ಗೊತ್ತಾಗ್ತದ?” ಎಂದರು ಅಕ್ಕಾವರು.

ನಾನು ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲು ಸವೆಸಿದವನು. ಬೇಡವೇ ಬೇಡ ಎಂದೆ. ಪೊಲೀಸರ ಪರಿಶೀಲನೆಯಲ್ಲಿ ಗೊತ್ತಾಗಿಯೇ ಆಗುತ್ತದೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಫಾರ್ಮಿನ ವಿಷಯವನ್ನೇ ವಿವರವಾಗಿ ನೋಡಿತು. ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು, ಏನನ್ನೂ ಮುಚ್ಚಿಡಬಾರದು ಎಂದಿತು. ನಿಜ ಹೇಳಿದರೂ ಹಿನ್ನೆಲೆ ತೂಗಿ ನೋಡುವ ಹಕ್ಕು ನೌಕರಿ ಕೊಡುವವರಿಗೆ ಉಂಟು. ಹಾಗಾಗಿ ನಿಜ ಹೇಳಿ, ಕೇಸು ಹೇಗೆ ಮುಗಿಯಿತು ಎಂಬ ಕೋರ್ಟಿನ ಕಾಗದವನ್ನು ಜೊತೆಗಿಡುವುದೇ ದಾರಿ.

ತೊಡಕು ಇದ್ದದ್ದು ಅಲ್ಲೇ. ಕೇಸು ಹೇಗೆ ಮುಗಿಯಿತು ಎನ್ನುವುದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಂದು ಓಡಾಡಿದ ಯಜಮಾನರು ಈಗಿಲ್ಲ. “ರೊಕ್ಕ ಕಟ್ಟಿದ್ವಿ, ಮುಗೀತು” ಎನ್ನುವುದಷ್ಟೇ ಅಕ್ಕಾವರ ನೆನಪು. ಆ ರೊಕ್ಕ ಯಾವುದು? ತಪ್ಪೊಪ್ಪಿಕೊಂಡು ಕಟ್ಟಿದ ದಂಡವಾದರೆ ಅದು ಶಿಕ್ಷೆ, ಮೊತ್ತ ನೂರು ರೂಪಾಯಿಯಾದರೂ ಸರಿ. ರಾಜಿಯಾಗಿದ್ದರೆ ಕಥೆಯೇ ಬೇರೆ. ಅಂದಿನ ಸಿಆರ್‌ಪಿಸಿಯ 320ನೇ ಕಲಮಿನ ಪ್ರಕಾರ, ರಾಜಿಗೆ ಒಳಪಡುವ ಅಪರಾಧದಲ್ಲಿ ರಾಜಿಯಾದರೆ ಅದರ ಪರಿಣಾಮ ಖುಲಾಸೆಯೇ. ಹುಡುಗನ ನೌಕರಿ ನಿಂತಿದ್ದು ಆ ಒಂದು ಸಾಲಿನ ಮೇಲೆ. ಆ ಸಾಲು ಯಾವ ಕೋರ್ಟಿನ ಯಾವ ಕಪಾಟಿನಲ್ಲಿತ್ತೋ.

ಮೊದಲ ತಪ್ಪು ನನ್ನದೇ. ಜನಕಪುರಿಗೆ ದ್ವಾರಕಾ ಕೋರ್ಟು ಹತ್ತಿರ, ನೀಲಿ ಮೆಟ್ರೊದಲ್ಲಿ ಕೂತರೆ ಆಯಿತು ಎಂದು ಹುಡುಗನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಕೋರ್ಟನ್ನು ಗೊತ್ತುಮಾಡುವುದು ಮನೆಯಿಂದ ಎಷ್ಟು ದೂರ ಎಂಬುದಲ್ಲ, ಎಫ್‌ಐಆರ್ ಆದ ಠಾಣೆ. ಜನಕಪುರಿ ಠಾಣೆ ಪಶ್ಚಿಮ ಜಿಲ್ಲೆಗೆ ಸೇರಿದ್ದು, ಪಶ್ಚಿಮ ಜಿಲ್ಲೆಯ ಕೋರ್ಟುಗಳಿರುವುದು ತೀಸ್ ಹಜಾರಿಯಲ್ಲಿ. ನೀಲಿ, ಹಳದಿ, ಕೆಂಪು ಎಂದು ಮೂರು ಬಣ್ಣದ ಮೆಟ್ರೊ ಬದಲಿಸಬೇಕು. ಕೆಲವು ಕೇಸುಗಳು ಅಲ್ಲೂ ಇರುವುದಿಲ್ಲ. 1984ರ ನವೆಂಬರಿನಲ್ಲಿ ಇದೇ ಜನಕಪುರಿ, ವಿಕಾಸಪುರಿಗಳಲ್ಲಿ ಸಿಖ್ಖರ ಮೇಲೆ ನಡೆದ ಹಿಂಸೆಯ ಪ್ರಕರಣದ ವಿಚಾರಣೆ ನಡೆದದ್ದು ರೌಸ್ ಅವೆನ್ಯೂ ಕೋರ್ಟಿನಲ್ಲಿ, ಯಾಕೆಂದರೆ ಆರೋಪಿ ಮಾಜಿ ಸಂಸದ.

ಎರಡನೆಯ ತೊಡಕು ನಮ್ಮ ಹೆಸರುಗಳದ್ದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ದೆಹಲಿ ಕನ್ನಡಿಗರಿಗೆಲ್ಲ ಒಂದಲ್ಲ ಒಂದು ದಿನ ಬರುವ ಪಾಡು ಇದು. ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಕೊಟ್ಟು ಕೇಸು ಹುಡುಕಬಹುದು, ದುಡ್ಡಿಲ್ಲ, ಯಾರು ಬೇಕಾದರೂ ನೋಡಬಹುದು. ಹುಡುಗನ ನಿಜ ಹೆಸರು ಇಲ್ಲಿ ಬೇಡ, ಬಸವರಾಜ ಎಂದಿಟ್ಟುಕೊಳ್ಳಿ. ಬಸವರಾಜ ಎಂದು ಹುಡುಕಿದೆವು, ಇಲ್ಲ. ಬಸವ್ ರಾಜ್, ಬಸ್ವಾರಾಜ್ ಎಂದೂ ಹುಡುಕಿದೆವು. ವಾಸವ್ ರಾಜ್ ಎಂದು ಕೂಡ. ಮನೆತನದ ಹೆಸರು ಮುಂದೆ ಹಾಕಿ, ಹಿಂದೆ ಹಾಕಿ, ಇನಿಷಿಯಲ್ ಬಿಡಿಸಿ ಬರೆದು ನೋಡಿದೆವು. ಉತ್ತರದ ಕಿವಿಗೆ ನಮ್ಮ ಹೆಸರು ಹೇಗೆ ಕೇಳಿಸುತ್ತದೋ ಹಾಗೆ ಕಾಗದಕ್ಕೆ ಇಳಿದಿರುತ್ತದೆ. ಅದರ ಮೇಲೆ, ಕೇಸಿನ ಶೀರ್ಷಿಕೆಯಲ್ಲಿ ‘ಸ್ಟೇಟ್ ವರ್ಸಸ್’ ಎಂದಾದಮೇಲೆ ಬರುವುದು ಸಾಮಾನ್ಯವಾಗಿ ಮೊದಲ ಆರೋಪಿಯ ಹೆಸರು ಮಾತ್ರ. ನಮ್ಮ ಹುಡುಗ ಮೂರನೆಯವನು. ಮೊದಲನೆಯವನ ಪೂರ್ತಿ ಹೆಸರು ಅವನಿಗೇ ಮರೆತುಹೋಗಿತ್ತು, “ಸೋನು ಅಂತ ಕರೀತಿದ್ವಿ ಅಂಕಲ್” ಎಂದ. ದೆಹಲಿಯಲ್ಲಿ ಸೋನುವನ್ನು ಹುಡುಕುವುದೆಂದರೆ ಮಂಡ್ಯದಲ್ಲಿ ಮಂಜುವನ್ನು ಹುಡುಕಿದ ಹಾಗೆ.

ಹೆಸರಿಗಿಂತ ಗಟ್ಟಿಯಾದ ಕೊಂಡಿ ಎಫ್‌ಐಆರ್ ನಂಬರು. ಅದು ಸಿಕ್ಕಿದ್ದು ಅಕ್ಕಾವರ ಟ್ರಂಕಿನಲ್ಲಿ. ಯಜಮಾನರು ಮಗನ ಜಾಮೀನಿಗೆ ತಮ್ಮ ಮಾರುತಿ 800ರ ಆರ್‌ಸಿ ಕೊಟ್ಟಿದ್ದರು. ಜಾಮೀನಿಗೆ ಕೊಟ್ಟ ದಾಖಲೆಯನ್ನು ಇನ್ನೊಂದು ಕೇಸಿಗೆ ಬಳಸದಿರಲಿ ಎಂದು ಅದರ ಮೇಲೆ ಕೇಸಿನ ವಿವರ ಬರೆದುಕೊಡುವುದುಂಟು. ಕಾರು ಎಂದೋ ಗುಜರಿಗೆ ಹೋಗಿತ್ತು. ಆರ್‌ಸಿಯ ಜೆರಾಕ್ಸ್ ಉಳಿದಿತ್ತು, ಹಿಂಬದಿಯದೂ ಸೇರಿ. ಅಲ್ಲಿ ಎಫ್‌ಐಆರ್ ನಂಬರು, ಕಲಮುಗಳು, ಠಾಣೆಯ ಹೆಸರು, ಒಂದು ರುಜು ಇದ್ದವು. ಕಲಮುಗಳು 323, 341, 34: ಹೊಡೆದದ್ದು, ದಾರಿ ತಡೆದದ್ದು, ಎಲ್ಲರೂ ಸೇರಿ ಮಾಡಿದ್ದು. ಮೊದಲೆರಡೂ ರಾಜಿಯಾಗಬಹುದಾದವು ಎಂದು ನೋಡಿದಾಗ ನನಗೆ ಸ್ವಲ್ಪ ಧೈರ್ಯ ಬಂತು. ಅಕ್ಕಾವರಿಗೆ ಮಾತ್ರ ಹೇಳಲಿಲ್ಲ.

ಇ-ಕೋರ್ಟ್ಸ್‌ನಲ್ಲಿ ಈ ಸಲ ರಾಜ್ಯ, ಜಿಲ್ಲೆ, ಕೋರ್ಟು ಆರಿಸಿ, ಎಫ್‌ಐಆರ್ ಎಂಬಲ್ಲಿ ಠಾಣೆ, ನಂಬರು, ವರ್ಷ ಹಾಕಿದೆವು. ನಿಮಿಷದಲ್ಲಿ ಬಂತು. ಕೇಸು ಇತ್ಯರ್ಥವಾದ ದಿನ, ಕೋರ್ಟು, ಮತ್ತು ಸಿಎನ್‌ಆರ್ ಎಂಬ ಹದಿನಾರು ಅಕ್ಷರ-ಅಂಕಿಗಳ ಸಂಖ್ಯೆ. ಈ ಸಿಎನ್‌ಆರ್ ಒಂದನ್ನು ಬರೆದಿಟ್ಟುಕೊಂಡರೆ ದೇಶದ ಯಾವ ಮೂಲೆಯಿಂದಲೂ ಕೇಸು ತೆರೆಯುತ್ತದೆ. ಊರಿನ ಜೆಎಂಎಫ್‌ಸಿ ಕೋರ್ಟಿನಲ್ಲಿ ಜಮೀನಿನ ಬದುವಿನ ಹೊಡೆದಾಟದ ಕೇಸು ಬಿಟ್ಟು ಬಂದವರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೂ ಇದೇ ಕೀಲಿಕೈ. ಇ-ಕೋರ್ಟ್ಸ್ ಯೋಜನೆ ಶುರುವಾದದ್ದು 2007ರಲ್ಲಿ. ಅದಕ್ಕೂ ಹಿಂದಿನದಾದರೆ ಊರಿನ ವಕೀಲರಿಗೆ ಸಿಸಿ ನಂಬರು ಕೊಟ್ಟು ರಿಜಿಸ್ಟರು ತೆಗೆಸಿ ನೋಡಬೇಕು.

ನನ್ನ ಅಳಿಯ ಫೋನಿನಲ್ಲೇ “ಆರ್‌ಟಿಐ ಹಾಕಿಬಿಡಿ ಮಾವ” ಎಂದ. ಕೋರ್ಟಿನ ಕಡತಕ್ಕೆ ಅದು ನಡೆಯುವುದಿಲ್ಲ. ನ್ಯಾಯಾಂಗ ದಾಖಲೆಯ ನಕಲು ಬೇಕಾದರೆ ಆಯಾ ಹೈಕೋರ್ಟಿನ ನಿಯಮದಂತೆ ಅರ್ಜಿ ಹಾಕಬೇಕೇ ಹೊರತು ಮಾಹಿತಿ ಹಕ್ಕಿನಲ್ಲಲ್ಲ ಎಂದು ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ಹೇಳಿದೆ. ಇನ್ನು ಕೋರ್ಟಿನ ಹೊರಗೆ ಒಬ್ಬಾತ ಐದು ಸಾವಿರಕ್ಕೆ ಸಂಜೆಯೊಳಗೆ ತರಿಸಿಕೊಡುತ್ತೇನೆ ಎಂದ. ಹುಡುಗ ಪರ್ಸಿಗೆ ಕೈ ಹಾಕಿದ. ನಾನು ತಡೆದೆ.

ಒಳಗಿನ ದಾರಿ ಹೀಗಿದೆ. ಮುಗಿದ ಕೇಸಿನ ಕಡತ ರೆಕಾರ್ಡ್ ರೂಮಿಗೆ ಹೋಗುವಾಗ ಅದಕ್ಕೊಂದು ‘ಗೋಶ್ವಾರಾ ನಂಬರು’ ಬೀಳುತ್ತದೆ. ಅದು ಕೋರ್ಟಿನ ಅಹಲ್ಮದ್ ಬಳಿಯ ರಿಜಿಸ್ಟರಿನಲ್ಲಿರುತ್ತದೆ. ಅಹಲ್ಮದ್ ಎಂದರೆ ಕಡತ ಕಾಯುವ ಗುಮಾಸ್ತ. ನಮ್ಮ ಕೋರ್ಟುಗಳ ಶಿರಸ್ತೇದಾರ, ಅಮೀನ, ಫಿರ್ಯಾದಿ, ಜಾಮೀನು ಎಲ್ಲ ಬಂದ ಪಾರ್ಸಿ-ಅರಬ್ಬಿ ಮನೆಯಿಂದಲೇ ಬಂದ ಪದ. ನ್ಯಾಯಾಧೀಶರು ಈ ನಡುವೆ ಬದಲಾಗಿರುತ್ತಾರೆ, ಆದ್ದರಿಂದ ತೀರ್ಪು ಕೊಟ್ಟವರ ಹೆಸರಿಗಿಂತ ಈಗ ಆ ಕೋರ್ಟು ಯಾರ ಬಳಿ ಇದೆ ಎಂದು ಕೇಳಬೇಕು. ನಂಬರು ಸಿಕ್ಕಮೇಲೆ ನಕಲ್ ಶಾಖೆಯಲ್ಲಿ ಅರ್ಜಿ: ಕೇಸಿನ ಹೆಸರು, ಎಫ್‌ಐಆರ್, ಠಾಣೆ, ತೀರ್ಪಿನ ದಿನ, ಗೋಶ್ವಾರಾ ನಂಬರು, ಬೇಕಾದ ಕಾಗದ ಯಾವುದು, ಅರ್ಜಿದಾರ ಕೇಸಿನಲ್ಲಿ ಯಾರು. ಕೋರ್ಟ್ ಫೀ ಹಚ್ಚಬೇಕು. ಆರೋಪಿಯಾಗಿದ್ದವನೇ ಕೇಳಿದರೆ ಅಡ್ಡಿಯಿಲ್ಲ. ಕೇಸಿಗೆ ಸಂಬಂಧವಿಲ್ಲದವರು ಕಾರಣ ಹೇಳಿ ಅನುಮತಿ ಪಡೆಯಬೇಕಾಗುತ್ತದೆ.

ಸಂಜೆ ಮನೆಗೆ ಬಂದು “ನಕಲಿಗೆ ಅರ್ಜಿ ಹಾಕಿ ಬಂದ್ವಿ” ಎಂದಾಗ ಅಕ್ಕಾವರ ಮುಖ ಬಾಡಿತು.

“ನಕಲೀ ಯಾಕ್ರೀ ಅಣ್ಣಾರ? ಅಸಲೀನ ಇಸ್ಕೊಂಡ್ ಬರ್ರಿ. ಮೊದಲ ಪೊಲೀಸ್ ಕೇಸು, ಅದರಾಗ ಮತ್ತ ನಕಲಿ!”

ಅಸಲು ಕೋರ್ಟು ಬಿಟ್ಟು ಹೊರಗೆ ಬರುವುದಿಲ್ಲ, ಮೊಹರು ಒತ್ತಿದ ದೃಢೀಕೃತ ನಕಲೇ ನಮಗೆಲ್ಲ ಅಸಲು ಎಂದು ವಿವರಿಸುವಷ್ಟರಲ್ಲಿ ಚಹಾ ಆರಿತ್ತು. ಜಾಲತಾಣದಿಂದ ಇಳಿಸಿಕೊಂಡ ಪ್ರತಿ ಓದಿಕೊಳ್ಳುವುದಕ್ಕೆ ಸಾಕು, ಕಚೇರಿಗೆ ಕೊಡುವುದಕ್ಕೆ ಸಾಲದು.

ಈ ಕಥೆ ನಮ್ಮ ಕನ್ನಡ ಬಳಗದಲ್ಲಿ ಹೇಗೋ ಹರಡಿ, ಗಂಡು ನೋಡುತ್ತಿರುವ ಇಬ್ಬರು, ಮನೆ ಬಾಡಿಗೆಗೆ ಕೊಡುವ ಒಬ್ಬರು ನನಗೆ ಫೋನು ಮಾಡಿದರು, “ಇವರ ಮೇಲೆ ಕೇಸಿದೆಯಾ ನೋಡಿಕೊಡಿ” ಎಂದು. ನೋಡಬಹುದು, ಆದರೆ ಹೆಸರು ಹೊಂದಿತೆಂದು ಮನುಷ್ಯ ಅವನೇ ಎನ್ನಬೇಡಿ. ತಂದೆಯ ಹೆಸರು, ವಿಳಾಸ ತಾಳೆಯಾಗಬೇಕು. ಎಫ್‌ಐಆರ್ ಇದ್ದ ಮಾತ್ರಕ್ಕೆ ಅಪರಾಧಿಯೂ ಅಲ್ಲ. 2016ರ ಸುಪ್ರೀಂ ಕೋರ್ಟ್ ಆದೇಶದಿಂದ ಎಫ್‌ಐಆರ್‌ಗಳು ಪೊಲೀಸ್ ಜಾಲತಾಣಕ್ಕೆ ಏರುತ್ತವೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಬಿಟ್ಟು. ದೆಹಲಿ ಹೈಕೋರ್ಟು ಇದನ್ನು 2010ರಲ್ಲೇ ಹೇಳಿತ್ತು. ಚಾರ್ಜ್‌ಶೀಟು ಹಾಗೆ ಸಿಗದು. ಅದು ಸಾರ್ವಜನಿಕ ದಾಖಲೆಯಲ್ಲ ಎಂದು 2023ರ ಜನವರಿಯಲ್ಲಿ ತೀರ್ಪಾಗಿದೆ.

ನಕಲು ಬಂದ ದಿನ ಹುಡುಗ ಅದನ್ನು ತಾನು ಓದದೆ ನನ್ನ ಕೈಗೆ ಕೊಟ್ಟ. ಎರಡೇ ಪುಟ. ಫಿರ್ಯಾದಿಯ ಹೇಳಿಕೆ, ಸ್ವಇಚ್ಛೆಯ ರಾಜಿ, ಚಿಕಿತ್ಸೆಯ ಖರ್ಚಿಗೆಂದು ಅವನಿಗೆ ಸಂದ ಹಣ. ರೊಕ್ಕ ಅಂದರೆ ಅದು. ಕೊನೆಯಲ್ಲಿ, ಅಪರಾಧಗಳು ರಾಜಿಯಾಗಿರುವುದರಿಂದ ಆರೋಪಿಗಳನ್ನು ಖುಲಾಸೆ ಮಾಡಲಾಗಿದೆ. ಮೂರನೆಯ ಹೆಸರು ಬಸ್ವ ರಾಜು ಎಂದಿತ್ತು. ತಂದೆಯ ಹೆಸರು, ವಿಳಾಸ ಸರಿಯಾಗಿದ್ದವು. ಎರಡೂ ಹೆಸರು ತನ್ನದೇ ಎಂದು ಹುಡುಗ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದ. ಫಾರ್ಮಿನಲ್ಲಿ ‘ಹೌದು’ ಎಂದು ಬರೆದು, ಎರಡನ್ನೂ ಲಗತ್ತಿಸಿ ಕಳಿಸಿದ.

ಆಮೇಲೆ ಹತ್ತು ವಾರ ಏನೂ ಬರಲಿಲ್ಲ. ಅಕ್ಕಾವರು ಲಿಫ್ಟಿನಲ್ಲಿ ಸಿಕ್ಕರೂ ನನ್ನ ಮುಖ ನೋಡುತ್ತಿರಲಿಲ್ಲ, “ಇಲ್ಲ ಅಂತ ಬರದಿದ್ರ…” ಎನ್ನುವುದು ಅವರ ತುಟಿಯ ಮೇಲೇ ಇತ್ತು. ದೀಪಾವಳಿ ಕಳೆದು ಒಂದು ಸಂಜೆ ಹೋಳಿಗೆ ಡಬ್ಬಿಯೊಂದಿಗೆ ಬಂದರು. ಹುಡುಗನಿಗೆ ಸೇರುವ ದಿನ ತಿಳಿಸಿದ್ದರು. ನಕಲಿನ ಇನ್ನೊಂದು ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಲೇ ಎಂದು ಕೇಳಿದರು. ಬೇಡ, ಮೊಹರು ಮುಟ್ಟಿ ನೋಡುವ ಹಾಗಿರಬೇಕು ಎಂದೆ. ಈಗ ಅದು ಮಾರುತಿಯ ಆರ್‌ಸಿ ಜೆರಾಕ್ಸ್ ಜೊತೆ ಅದೇ ಟ್ರಂಕಿನಲ್ಲಿದೆ, ಸಿಎನ್‌ಆರ್ ಸಂಖ್ಯೆಯನ್ನು ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ.